ಆಮ್ರಪಾಲಿ ಬಾಯಾರ ಬೈಗುಳದ ಪಾಠ

ಈ ಕಥೆಯಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೂ, ಬರುವ ಹಂಗಾಮಿನಲ್ಲಿ ಹೇಳುವವನ ಕಬ್ಬಿಗೆ ಕಡಿಯುವ ಗ್ಯಾಂಗು ಸಿಗದಿರಲಿ. ಸಿಕ್ಕರೂ ಕಬ್ಬು ಹೇರಿದ ಟ್ರ್ಯಾಕ್ಟರು ಫ್ಯಾಕ್ಟರಿಯ ಗೇಟಿನ ಮುಂದೆಯೇ ಪಂಕ್ಚರ್ ಆಗಲಿ.

ಮೂಡಲಗಿ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಇನ್ನು ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು.

ಆ ಭಾನುವಾರ ಆಮ್ರಪಾಲಿ ಮೂಡಲಗಿಯಲ್ಲಿ ಬಸ್ಸು ಇಳಿದದ್ದು ಪ್ರೀತಿ ಮಾಡಲಿಕ್ಕಲ್ಲ, ಜಗಳ ಮಾಡಲಿಕ್ಕೆ.

ಅವಳು ಗೋಕಾಕದ ಒಂದು ಇಂಗ್ಲಿಷ್ ಶಾಲೆಯ ಟೀಚರ್, ಈ ಸೀಮೆಯ ಮಾತಿನಲ್ಲಿ ಬಾಯಾರು. ಹಿಂದಿನ ದಿನ ಏಳನೇ ತರಗತಿಯ ಹನ್ನೊಂದು ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 'ಬ್ಲಡಿ' ಎಂಬ ಬೈಗುಳ ಸಿಕ್ಕಿತ್ತು. ಬೈಗುಳ ನೋಡಿ ಅವಳಿಗೆ ಬೇಸರವಾಗಲಿಲ್ಲ. ಹನ್ನೊಂದು ಮಕ್ಕಳೂ ಒಂದೇ ನಮೂನೆ ಸ್ಪೆಲಿಂಗ್ ತಪ್ಪು ಮಾಡಿದ್ದು ನೋಡಿ ಹೊಟ್ಟೆ ಉರಿಯಿತು.

ಎಲ್ಲಿ ಕಲಿತಿರಿ ಎಂದು ಕೇಳಿದರೆ, ಟ್ರ್ಯಾಕ್ಟರಿನ ಹಿಂದೆ ಬರೆದಿದೆ ಎಂದರು ಮಕ್ಕಳು.

ಖರೆ. ಸಂಜೆ ಬಸ್ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಮೂರು ಟ್ರೇಲರ್‌ಗಳ ಹಿಂದೆ ಅದೇ ತಪ್ಪು ಕಂಡಳು. ಕೆಳಗೆ ಸಣ್ಣ ಅಕ್ಷರದಲ್ಲಿ, 'ಕೇದಾರಿ ಪೇಂಟರ್, ಮೂಡಲಗಿ'.

ಭಾನುವಾರ ಅವಳು ಹೋದಾಗ ಕೇದಾರಿ ಎಣ್ಣೆಯ ಡ್ರಮ್ಮನ್ನು ಬೋರಲು ಹಾಕಿ ಕುಳಿತು ಇನ್ನೊಂದು ಟ್ರೇಲರ್‌ಗೆ ಅದನ್ನೇ ಬರೆಯುತ್ತಿದ್ದ. ಮೂವತ್ತರ ಆಸುಪಾಸು, ಕಿವಿಯ ತುದಿಗೆ ಹಳದಿ ಬಣ್ಣ ಮೆತ್ತಿತ್ತು.

"ಇದನ್ನ ಬರದಾವ್ರು ನೀವೇನ್ರಿ?"

"ಹೌದ್ರಿ. ಚಲೋ ಆಗೇತಿಲ್ರಿ?" ಅವನು ತಿರುಗಲಿಲ್ಲ.

"ತಪ್ಪಾಗೇತಿ."

ಬ್ರಷ್ ನಿಂತಿತು. ಹದಿನಾಲ್ಕು ವರ್ಷದ ಕಸುಬಿನಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಅವನು ತಿರುಗಿ ನೋಡಿದ. ನೋಡಿದವನು ಬ್ರಷ್ಷಿನಿಂದ ಹನಿ ತನ್ನ ಚಪ್ಪಲಿಯ ಮೇಲೆ ಬೀಳುತ್ತಿರುವುದನ್ನು ಮರೆತ. ಅವಳಿಗೂ ಏನೋ ಒಂದು ಕ್ಷಣ ಮಾತು ತಪ್ಪಿತು... ಆದರೆ ಸ್ಪೆಲಿಂಗ್ ತಪ್ಪಲಿಲ್ಲ.

ಅಲ್ಲಿ 'ಎ' ಬರುವುದಿಲ್ಲ, ಎರಡು 'ಒ' ಬರಬೇಕು ಎಂದಳು. ಎರಡು 'ಒ' ಹಾಕಿದರೆ ಅದು 'ಬ್ಲೂಡಿ' ಆಗುತ್ತದೆ ಎಂದ ಅವನು. ಆಗುವುದಿಲ್ಲ, ಬ್ಲಡ್ ಅಂದರೆ ರಕ್ತ, ಅದಕ್ಕೂ ಎರಡು 'ಒ' ಎಂದಳು. ಹಾಗಾದರೆ ಫೂಲ್‌ಗೂ ಎರಡು 'ಒ' ಇದೆ, ಅದು ಯಾಕೆ 'ಫಲ್' ಆಗಲಿಲ್ಲ ಎಂದು ಅವನು ಕೇಳಿದ.

ಬಿ.ಎಡ್. ಓದಿದ ಆಮ್ರಪಾಲಿಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಇಂಗ್ಲಿಷರಿಗೂ ಗೊತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅದನ್ನು ಒಬ್ಬ ಪೇಂಟರನ ಮುಂದೆ ಹೇಳುವುದು ಹೇಗೆ?

ಪಕ್ಕದ ಟ್ರೇಲರ್‌ನಲ್ಲಿ 'ಡ್ಯಾಮ್' ಇತ್ತು. ಅದರ ಕೊನೆಗೆ ಒಂದು 'ಎನ್' ಬರಬೇಕು, ಆದರೆ ಅದನ್ನು ಉಚ್ಚರಿಸಬಾರದು ಎಂದಳು. ಕೇದಾರಿ ಬ್ರಷ್ಷಿನ ತುದಿಯಿಂದ ಆ 'ಡ್ಯಾಮ್' ತೋರಿಸಿದ.

"ಬಾಯಿ ಬಿಡದ ಅಕ್ಷರಾನ ಯಾಕ ಕರೀಬೇಕ್ರಿ?"

"ನಿಮ್ಮ ಮನ್ಯಾಗ ಮಾತು ಬಿಟ್ಟ ಕಾಕಾ ಯಾರೂ ಇಲ್ಲೇನ್ರಿ? ಮದವಿಗೆ ಅವರನ್ನ ಕರ್ಯಾಂಗಿಲ್ಲೇನು?"

ಕೇದಾರಿ ಎದ್ದುಹೋಗಿ ಕೊನೆಗೆ ಒಂದು 'ಎನ್' ಬರೆದ. ಅವನ ಮನೆಯಲ್ಲಿ ಅಂಥ ಕಾಕಾಗಳು ಇಬ್ಬರಿದ್ದರು.

ಶುರುವಾದದ್ದು ಹೀಗೆ.

ಒಪ್ಪಂದ ಏನೆಂದರೆ, ಇನ್ನು ಮುಂದೆ ಯಾವ ಇಂಗ್ಲಿಷ್ ಬೈಗುಳ ಬರೆಯುವ ಮೊದಲೂ ಅವನು ಅವಳಿಗೆ ವಾಟ್ಸ್ಯಾಪ್ ಮಾಡಬೇಕು. ಅವಳು ತಿದ್ದಬೇಕು. ಆದರೆ ಕೇದಾರಿ ಹಟಮಾರಿ. ಬಾಯಲ್ಲಿ ಹೇಗೆ ಬರುತ್ತದೆ ಎಂದು ಕೇಳದ ಹೊರತು ಕೈಗೆ ಬರುವುದಿಲ್ಲ ಎಂದ. ಹಾಗಾಗಿ ಅವಳು ಧ್ವನಿ ಕಳಿಸತೊಡಗಿದಳು. ಒಂದು ಷರತ್ತು ಮಾತ್ರ.

"ಕೇಳಿದ ಕೂಡಲೇ ಅಳಿಸಿಬಿಡಬೇಕು."

"ಅಳಸ್ತೇನ್ರಿ ಬಾಯಾರ," ಎಂದ ಕೇದಾರಿ. ಬಣ್ಣದ ಡಬ್ಬಿಯ ಮೇಲೆ ಕೈಯಿಟ್ಟು ಹೇಳಿದ. ಪೇಂಟರಿಗೆ ಅದು ದೇವರ ಮೇಲೆ ಕೈಯಿಟ್ಟಂತೆ.

ಷರತ್ತಿಗೆ ಕಾರಣ ಇತ್ತು. ಆಮ್ರಪಾಲಿಯ ಮನೆ ಯಮಕನಮರಡಿಯಲ್ಲಿ. ತಾಯಿ ಸತ್ತೆವ್ವ, ತಂದೆ ಯಲ್ಲಾರಿ, ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವರು. ಅವರ ಓಣಿಯಿಂದ ಹೋಗಿ ಇಂಗ್ಲಿಷ್ ಶಾಲೆಯ ಕುರ್ಚಿಯ ಮೇಲೆ ಕುಳಿತ ಮೊದಲನೆಯವಳು ಅವಳು. ಕೆಲಸಕ್ಕೆ ಸೇರುವ ದಿನ ತಂದೆ ಒಂದೇ ಬುದ್ಧಿಮಾತು ಹೇಳಿದ್ದ. ಬೇರೆಯವರು ಹಗುರ ಮಾತನಾಡಿದರೆ ಮಂದಿ ಚೇಷ್ಟೆ ಎನ್ನುತ್ತಾರೆ, ನೀನು ಆಡಿದರೆ 'ಇವರು ಇರೂದ ಹಿಂಗ' ಎನ್ನುತ್ತಾರೆ.

ಅಂದಿನಿಂದ ಅವಳು ಮಾತನ್ನು ತಕ್ಕಡಿಯಲ್ಲಿ ತೂಗಿ ಆಡುತ್ತಿದ್ದಳು. ದೀಪಾವಳಿ ಕಳೆದರೆ ಕಾಯಂ ಆರ್ಡರ್ ಬರುವುದಿತ್ತು. ಅಲ್ಲಿಯವರೆಗೆ ಕೆಮ್ಮುವುದಕ್ಕೂ ಯೋಚಿಸುತ್ತಿದ್ದಳು.

ಅಂಥವಳು ಮೂಡಲಗಿಯ ಒಬ್ಬ ಪೇಂಟರನಿಗೆ ದಿನಾ ಸಂಜೆ 'ಈಡಿಯಟ್', 'ಸ್ಟುಪಿಡ್', 'ಗೋ ಟು ಹೆಲ್' ಎಂದು ಕಳಿಸುತ್ತಿದ್ದಳು. ಕಳಿಸಿದ ಮೇಲೆ ಏನೋ ಹಗುರ. ಎದೆಯ ಮೇಲಿನ ಗುಂಡಿ ಬಿಚ್ಚಿದಂತೆ.

'ರಾಸ್ಕಲ್'ನ ಮೇಲೆ ಅವರು ಒಂದು ವಾರ ವಾದ ಮಾಡಿದರು. ಅಲ್ಲಿ 'ಎಸ್' ಮುಂದೆ 'ಸಿ' ಯಾಕೆ ಎನ್ನುವುದು ಅವನ ತಕರಾರು. ಮೂಡಲಗಿಯ ಯಾವ ರಾಸ್ಕಲ್‌ನಲ್ಲೂ 'ಸಿ' ತಾನು ಕಂಡಿಲ್ಲ ಎಂದ. 'ಹೆಲ್'ಗೆ ಎರಡು 'ಎಲ್' ಎಂದಾಗ, ನರಕ ದೊಡ್ಡದು, ಇರಲಿ ಎಂದು ಒಪ್ಪಿಕೊಂಡ.

ಬೈಗುಳ ಮುಗಿದವು. ಧ್ವನಿ ಮುಗಿಯಲಿಲ್ಲ. ಊಟ ಆಯಿತೇ, ಮಳೆ ಬಂತೇ, ನಿಮ್ಮ ಅವ್ವನ ಮೊಣಕಾಲು ಹೇಗಿದೆ... ಒಂದು ದಿನ ಅವಳು ಸುಮ್ಮನೆ ಒಂದು ನಿಟ್ಟುಸಿರು ಕಳಿಸಿದಳು. ಅವನು ಅದಕ್ಕೂ ಉತ್ತರ ಕಳಿಸಿದ.

ಆಮೇಲೆ ಆ ದಿನ ಬಂತು. ಊರಿನಿಂದ ಬರುವ ಬಸ್ಸು ಕೈಕೊಟ್ಟು ಅವಳು ನಾಲ್ಕು ನಿಮಿಷ ತಡವಾಗಿ ಶಾಲೆಗೆ ಹೋದಳು. ಪಾಲಕರ ಎದುರಿಗೇ ಹೆಡ್ ಮೇಡಂ, "ನಿಮ್ಮ ಮನ್ಯಾಗ ಗಡಿಯಾರ ಇಡೂ ಪದ್ಧತಿ ಇಲ್ಲೇನ್ರಿ?" ಎಂದರು. ಆಮ್ರಪಾಲಿ ಸಾರಿ ಎಂದಳು. ಇಡೀ ದಿನ ನಗುಮುಖದಿಂದ ಪಾಠ ಮಾಡಿದಳು.

ಸಂಜೆ ಗೋಕಾಕದ ಬಾಡಿಗೆ ಕೋಣೆಯ ಬಾಗಿಲು ಹಾಕಿ, ಹೆಡ್ ಮೇಡಂ ಹೆಸರು ಹಿಡಿದು, ನಾಲ್ಕು ತಿಂಗಳು ಕಲಿಸಿದ ಅಷ್ಟೂ ಬೈಗುಳಗಳನ್ನು ಸ್ಪಷ್ಟ ಉಚ್ಚಾರದಲ್ಲಿ ಒಂದೂವರೆ ನಿಮಿಷ ಹೇಳಿ, ಕೇದಾರಿಗೆ ಕಳಿಸಿಬಿಟ್ಟಳು. ಕಳಿಸಿ ಅತ್ತಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಬಾಯಾರ, 'ಎನ್' ಬರೋಬ್ಬರಿ ನುಂಗಿದ್ರಿ."

ಅಳುತ್ತಿದ್ದವಳು ನಕ್ಕಳು. ನಗುತ್ತ ಗೊತ್ತಾಯಿತು, ಈ ಮನುಷ್ಯನ ಮುಂದೆ ಮಾತ್ರ ತಾನು ತೂಗದೆ ಮಾತನಾಡುತ್ತಿದ್ದೇನೆ. ಇದಕ್ಕೆ ಏನೆನ್ನುತ್ತಾರೆ? ಅದರ ಸ್ಪೆಲಿಂಗ್ ಅವಳು ಹುಡುಕಲಿಲ್ಲ. ಹೆದರಿಕೆಯಾಯಿತು.

ನವೆಂಬರ್ ಬಂತು. ಫ್ಯಾಕ್ಟರಿಗಳು ಕಬ್ಬು ನುರಿಸಲು ಶುರುಮಾಡಿದವು. ಗೋಕಾಕದ ರಸ್ತೆಯ ತುಂಬ ಟ್ರ್ಯಾಕ್ಟರು, ಪ್ರತಿ ಟ್ರ್ಯಾಕ್ಟರಿಗೂ ಮದುವೆ ಮನೆಯಷ್ಟು ದೊಡ್ಡ ಸ್ಪೀಕರು.

ಶಾಲೆ ಬಿಡುವ ಹೊತ್ತು. ಗೇಟಿನ ಮುಂದೆ ಆಮ್ರಪಾಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದಳು. ಜೋಡಿ ಟ್ರೇಲರ್ ಎಳೆಯುತ್ತ ಒಂದು ಟ್ರ್ಯಾಕ್ಟರು ಬಂತು. ಜನಪದ ಹಾಡು ಮುಗಿಯಿತು. ಮುಂದಿನ ಹಾಡು ಬರುವ ಮೊದಲು, ಇಡೀ ರಸ್ತೆಗೆ ಕೇಳುವಂತೆ, ಒಂದು ಹೆಣ್ಣು ಧ್ವನಿ ಹೇಳಿತು.

"ಬ್ಲಡಿ. ಎರಡು 'ಒ' ಅದಾವ್ರಿ, ಆದ್ರ 'ಊ' ಅನಬ್ಯಾಡ್ರಿ. ಬ್ಲಡಿ."

ಮಕ್ಕಳು ಟ್ರ್ಯಾಕ್ಟರು ನೋಡಿದರು. ಆಮೇಲೆ ಟೀಚರನ್ನು ನೋಡಿದರು.

 ಹಿಂದೆಯೇ ಎರಡನೇ ಟ್ರ್ಯಾಕ್ಟರು ಬಂತು. ಅದರಲ್ಲಿ ಅವಳು 'ಈಡಿಯಟ್' ಕಲಿಸುತ್ತಿದ್ದಳು.

ನಾಲ್ಕು ದಿನದಲ್ಲಿ ಅವಳ ಧ್ವನಿ ಮೂರು ತಾಲೂಕು ಸುತ್ತಿತು. ಹುಕ್ಕೇರಿಯ ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಡಿಜೆಯಿಂದ 'ಸ್ಟುಪಿಡ್' ಎಂದು ಬಂದು, ಮದುಮಗ ಮೂರು ನಿಮಿಷ ಯೋಚನೆ ಮಾಡಿದ. ಮೂಡಲಗಿ ಬಾಜೂ ಒಂದು ಹೊಲದಲ್ಲಿ ಜೋಡೆತ್ತು 'ಡ್ಯಾಮ್' ಎಂದರೆ ನಿಲ್ಲುತ್ತಿದ್ದವು, 'ಗೋ ಟು ಹೆಲ್' ಎಂದರೆ ಹೊರಡುತ್ತಿದ್ದವು. ಆಣೆ ಮೊದಲೇ ಆಗಿದೆ, ಮತ್ತೆ ಮಾಡುವುದಿಲ್ಲ.

ಯಮಕನಮರಡಿಯಿಂದ ಸತ್ತೆವ್ವ ಫೋನ್ ಮಾಡಿದಳು. ಹೊಲದ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದಳಂತೆ, ರಸ್ತೆಯಲ್ಲಿ ಮಗಳ ಧ್ವನಿ ಬಂತಂತೆ.

"ಉಂಡ್ಯಾ ಅಂತ ಕೇಳಿದ್ನೆವ್ವಾ, ಅಷ್ಟರಾಗ ಟ್ರ್ಯಾಕ್ಟರ್ ಹೋತು. ಎಷ್ಟ ಚಂದ ಇಂಗ್ಲಿಷ್ ಮಾತಾಡತಿ."

ಉಂಡೆನವ್ವಾ ಎಂದಳು ಆಮ್ರಪಾಲಿ. ತಾಯಿಗೆ ಇನ್ನೇನು ಹೇಳುವುದು?

ಮರುದಿನ ಶಾಲೆಯ ನೋಟಿಸು ಬಂತು. ಸೋಮವಾರ ಕಮಿಟಿಯ ಮುಂದೆ ಹಾಜರಾಗಬೇಕು. ಇನ್ನೂ ಏನೇನು ರೆಕಾರ್ಡು ಇದೆಯೋ ಎಲ್ಲವನ್ನೂ ಕೇಳಿ, ಆಮೇಲೆ ಅವಳ ಆರ್ಡರ್ ಬಗ್ಗೆ ತೀರ್ಮಾನ.

ಎಲ್ಲವನ್ನೂ ಕೇಳಿ... ಅವಳ ಮನಸ್ಸಿಗೆ ಬಂದದ್ದು ಆ ಒಂದೂವರೆ ನಿಮಿಷ.

ಅವಳು ಮೂಡಲಗಿ ಬಸ್ಸು ಹತ್ತಿದಳು. ಈ ಸಲವೂ ಜಗಳಕ್ಕೇ ಹೊರಟದ್ದು. ಆದರೆ ದಾರಿಯುದ್ದಕ್ಕೂ ಜಗಳ ಕರಗಿ ಬರೀ ನೋವು ಉಳಿಯಿತು. ಮಂದಿ ನಕ್ಕರೆ ನಗಲಿ. ಆದರೆ ತಾನು ಎದೆಯ ಗುಂಡಿ ಬಿಚ್ಚಿ ನಿಂತದ್ದು ಒಬ್ಬನ ಮುಂದೆ. ಆ ಒಬ್ಬನೇ ಅದನ್ನು ಸ್ಪೀಕರಿಗೆ ಹಚ್ಚಿದನೇ?

ಕೇದಾರಿ ಅವಳನ್ನು ಕಂಡು ಎದ್ದು ನಿಂತ. ಅವನಿಗೂ ಸುದ್ದಿ ಮುಟ್ಟಿತ್ತು. ಮುಖ ಸುಣ್ಣದ ಗೋಡೆಯಾಗಿತ್ತು.

"ಅಳಸ್ತೇನಿ ಅಂದಿದ್ರಿ," ಎಂದಳು.

"ಅಂದಿದ್ನಿ."

"ಅಳಿಸಿದ್ರೇನು?"



"ಇಲ್ರಿ."

ಒಂದು ನೆವ ಹೇಳಲಿ ಎಂದು ಅವಳು ಕಾದಳು. ಸುಳ್ಳಾದರೂ ಪರವಾಗಿಲ್ಲ. ಅವನು ಹೇಳಲಿಲ್ಲ.

"ನಾ ನಿಮ್ಮನ್ನ ನಂಬಿದ್ನಿ, ಪೇಂಟರ್ರ. ನಮ್ಮಪ್ಪ ಯಾರ ಮುಂದೂ ಹಗುರ ಮಾತಾಡಬ್ಯಾಡ ಅಂದಿದ್ದ. ಆದ್ರೂ ನಂಬಿದ್ನಿ."

ಅಷ್ಟು ಹೇಳಿ ಹೊರಟಳು. ಬಸ್ಸಿನಲ್ಲಿ ಅವನ ನಂಬರು ಬ್ಲಾಕ್ ಮಾಡಿದಳು. ಬ್ಲಾಕ್ ಮಾಡಿದ ಮೇಲೂ ಸಂಜೆಯಾದರೆ ಕೈ ಫೋನಿಗೆ ಹೋಗುತ್ತಿತ್ತು. ಆ ಕೈಯ ಮೇಲೂ ಸಿಟ್ಟು ಬರುತ್ತಿತ್ತು.

ಸೋಮವಾರ ಬಂತು. ಸ್ಟಾಫ್ ರೂಮಿನಲ್ಲಿ ಹೆಡ್ ಮೇಡಂ, ಕಮಿಟಿಯ ಮೂವರು ಹಿರಿಯರು. ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಗಜಾನನ. ಮೂಡಲಗಿಯ ಮೊಬೈಲ್ ಅಂಗಡಿಯವನು. ಮೂರು ತಾಲೂಕಿನ ಟ್ರ್ಯಾಕ್ಟರುಗಳಿಗೆ ಹಾಡು ತುಂಬಿಸಿಕೊಡುವವನು ಇವನೇ ಎಂದು ಪತ್ತೆಯಾಗಿ, ಅವನನ್ನೇ ಕರೆಸಿದ್ದರು.

ಎಲ್ಲವನ್ನೂ ಹಚ್ಚು ಎಂದರು. ಇನ್ನೂರ ಹನ್ನೆರಡು ಧ್ವನಿ ಇದ್ದವು.

ಗಜಾನನ ಒಂದೊಂದೇ ಹಚ್ಚಿದ.  'ಡ್ಯಾಮ್' ಬಂದಾಗ ಕಮಿಟಿಯ ಒಬ್ಬ ಹಿರಿಯರು ತಡೆದರು. ತಾವು ನಲವತ್ತು ವರ್ಷದಿಂದ 'ಡ್ಯಾಮ್ನ್' ಎಂದೇ ಬೈಯುತ್ತಿರುವುದಾಗಿ ಹೇಳಿದರು. ಎರಡನೆಯವರು ಅದು ತಪ್ಪು ಎಂದರು. ಮೂರನೆಯವರು, ಡ್ಯಾಂ ಎಂದರೆ ಹಿಡಕಲ್ ಡ್ಯಾಂ, ಅದರಲ್ಲಿ ಬೈಗುಳ ಏನು ಬಂತು ಎಂದರು. ಚಹಾ ಬಂದು ಆರಿಹೋಗುವವರೆಗೆ ವಾದ ನಡೆಯಿತು. ಕೊನೆಗೆ ಮೂವರೂ ಟೀಚರನ್ನೇ ಕೇಳಿದರು. ಅವಳು 'ಎನ್' ನುಂಗಿ ಹೇಳಿದಳು. ಮೂವರೂ ತುಟಿ ಮುಚ್ಚಿ ಮೂರು ಸಲ ಅಭ್ಯಾಸ ಮಾಡಿದರು.

ಮುಂದೆ ಬೈಗುಳ ಕಡಿಮೆಯಾಗಿ, ಊಟ ಆಯಿತೇ ಎನ್ನುವ ಧ್ವನಿಗಳು ಬಂದವು. ಮಳೆ ಬಂತೇ. ಕೆಮ್ಮು ಕಡಿಮೆಯಾಯಿತೇ. ಆ ನಿಟ್ಟುಸಿರೂ ಬಂತು.  ಹಿರಿಯರಲ್ಲಿ ಒಬ್ಬರು ಮೆಲ್ಲಗೆ, ಮುಂದಿನದು ಹಚ್ಚಪ್ಪಾ, ಎಂದರು.

ಇನ್ನು ಬರುವುದು ಅದೇ. ಆಮ್ರಪಾಲಿ ಕಣ್ಣು ಮುಚ್ಚಿದಳು. ಅಪ್ಪನ ಮುಖ ಕಂಡಿತು.

ಸ್ಪೀಕರಿನಲ್ಲಿ ಅವಳ ಧ್ವನಿ, "ನಿಮ್ಮ ಮಾತು ಕೇಳಿ ನಗು ಬಂತ್ರಿ," ಎಂದಿತು.

ಅದು ಆ ಬೈಗುಳದ ನಂತರದ ಧ್ವನಿ! ನಡುವಿನ ಆ ಒಂದೂವರೆ ನಿಮಿಷ ಎಲ್ಲಿ?

ಇನ್ನೂರ ಹನ್ನೆರಡೂ ಮುಗಿದವು. ಅದು ಬರಲೇ ಇಲ್ಲ.

ಇವು ನಿನ್ನ ಕೈಗೆ ಹೇಗೆ ಬಂದವು ಎಂದು ಹೆಡ್ ಮೇಡಂ ಗಜಾನನನನ್ನು ಕೇಳಿದರು. ಪೇಂಟರ್ ಎಷ್ಟಕ್ಕೆ ಕೊಟ್ಟ ಎಂದೂ ಕೇಳಿದರು.

"ಕೊಡಾಕ ಬಂದಿರಲಿಲ್ರಿ ಅಂವಾ," ಎಂದ ಗಜಾನನ. "ಅವನ ಫೋನಿನ ಮೆಮರಿ ಕಾರ್ಡ್ ಸತ್ತಿತ್ತು. ಹಾಡು ಹೋದ್ರ ಹೋಗಲಿ, ಈ ಧ್ವನಿ ಅಷ್ಟ ಉಳಿಸಿ ಕೊಡೋ ಮಾರಾಯಾ ಅಂದ. ಎರಡ ದಿನ ಅಂಗಡಿ ಮುಂದ ಕುಂತಿದ್ದ, ದವಾಖಾನಿ ಮುಂದ ಕುಂತಂಗ."

ತಪ್ಪು ತನ್ನ ಅಂಗಡಿಯ ಪದ್ಧತಿಯದು ಎಂದು ಅವನು ಒಪ್ಪಿಕೊಂಡ. ಯಾರ ಕಾರ್ಡು ಬಂದರೂ ಅದರಲ್ಲಿ ಹೊಸದಾಗಿ ಏನಿದೆಯೋ ಅದು ಅವನ ಯಂತ್ರಕ್ಕೆ ಇಳಿಯುತ್ತದೆ. ಹಂಗಾಮಿನ ಹಾಡು ಎಂದು ಎಲ್ಲ ಪೆನ್ ಡ್ರೈವಿಗೂ ಹೋಗುತ್ತದೆ. ಹದಿನೈದು ವರ್ಷದಿಂದ ಹೀಗೆಯೇ ನಡೆದಿದೆ, ಇವು ಹಾಡಲ್ಲ ಎಂದು ನೋಡಲು ಅವನಿಗೆ ಪುರಸೊತ್ತಿರಲಿಲ್ಲ.

"ಸತ್ತ ಕಾರ್ಡಿನಾಗ ಒಂದ ಮಾತ್ರ ಇರಲಿಲ್ರಿ," ಎಂದು ಅವನೇ ಸೇರಿಸಿದ. "ಅದನ್ನ ಕಾರ್ಡಿಗೆ ಇಳಸೇ ಇರಲಿಲ್ಲಂತ. ಬಂದ ಐದು ನಿಮಿಷಕ್ಕ ಅಳಿಸಿಬಿಟ್ಟಿದ್ನಂತ. ಅದು ಬಾಯಾರಿಗೆ ತ್ರಾಸ ಆಗೂವಂಥಾದ್ದು ಅಂದ."

ಆಮ್ರಪಾಲಿ ಕಿಟಕಿಯ ಕಡೆ ತಿರುಗಿದಳು.

ಕಮಿಟಿಯವರು ಒಂದು ತಾಸು ಒಳಗೆ ಮಾತನಾಡಿದರು. ಬೈಗುಳ ಕಲಿಸಿದ್ದಕ್ಕೆ ಒಂದು ತಾಕೀತು, ಉಚ್ಚಾರಕ್ಕೆ ಕಾಯಂ ಆರ್ಡರು, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕೊಟ್ಟರು. ಹೆಡ್ ಮೇಡಂ ಕೊಡುವಾಗ, ಆ ಇನ್ನೊಂದರಲ್ಲಿ ಏನಿತ್ತು ಎಂದು ಕೇಳಿದರು. ಆಮ್ರಪಾಲಿ, "ಗಡಿಯಾರದ್ದು ಮೇಡಂ," ಎಂದಳು. ಅವರು ಮತ್ತೆ ಕೇಳಲಿಲ್ಲ.

ಅವಳು ಮತ್ತೆ ಮೂಡಲಗಿಗೆ ಹೋದಳು. ಕೇದಾರಿ ಅಂಗಡಿಯಲ್ಲಿರಲಿಲ್ಲ. ಫ್ಯಾಕ್ಟರಿಯ ಅಂಗಳದಲ್ಲಿದ್ದಾನೆ ಎಂದರು.

ಅಲ್ಲಿ ಪಾಳಿಗೆ ಕಾಯುವ ಟ್ರ್ಯಾಕ್ಟರುಗಳ ಸಾಲು ಕಣ್ಣಿಗೆ ಕಾಣುವವರೆಗೆ ಇತ್ತು. ಕೇದಾರಿ ಆರು ದಿನದಿಂದ ಒಂದೊಂದೇ ಟ್ರ್ಯಾಕ್ಟರು ಹತ್ತಿ, ಪೆನ್ ಡ್ರೈವ್ ತೆಗೆಸಿ, ಅವಳ ಧ್ವನಿ ಅಳಿಸುತ್ತಿದ್ದ. ಡ್ರೈವರುಗಳು ಸುಮ್ಮನೆ ಒಪ್ಪುತ್ತಿರಲಿಲ್ಲ. ಆ ಬಾಯಾರು ಬೈದರೇ ನಮಗೆ ಸ್ಟೇರಿಂಗ್ ಮೇಲೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದರು. ಒಬ್ಬೊಬ್ಬರ ಟ್ರೇಲರಿಗೂ ಪುಕ್ಕಟೆ ಹೂವು, ನವಿಲು ಬರೆದುಕೊಟ್ಟು ಅಳಿಸುತ್ತಿದ್ದ. ಸಾಲಿನಲ್ಲಿ ನೂರಾರು ನವಿಲು ನಿಂತಿದ್ದವು. ಕೊನೆಕೊನೆಯವು ಆಯಾಸಕ್ಕೆ ಕೋಳಿಯಂತೆ ಕಾಣುತ್ತಿದ್ದವು.

ಅವಳನ್ನು ಕಂಡು ಅವನು ಟ್ರೇಲರಿನಿಂದ ಇಳಿದ. ಕಣ್ಣು ಕೆಂಪಗಿದ್ದವು.

"ಇನ್ನ ನಲವತ್ತ ಉಳದಾವ್ರಿ," ಎಂದ, ಅಪರಾಧಿಯ ಹಾಗೆ.

"ಅವತ್ತ ಯಾಕ ಹೇಳಲಿಲ್ಲ? ಕಾರ್ಡ್ ಸತ್ತಿತ್ತಂತ, ಗಜಾನನ ಮಾಡಿದ್ದಂತ?"

"ಅಳಿಸಿರಲಿಲ್ಲ ಅನ್ನೂದು ಖರೆ ಇತ್ತಲ್ರಿ. ಅದರ ಮ್ಯಾಲ ಏನ್ ಹೇಳಿದ್ರೂ ತುಕ್ಕಿನ ಮ್ಯಾಲ ಬಣ್ಣ ಹೊಡದಂಗ."

 ಆಮ್ರಪಾಲಿ ಎಷ್ಟು ದಿನ ಈ ಮನುಷ್ಯನನ್ನು ದ್ವೇಷಿಸಲು ಪ್ರಯತ್ನಪಟ್ಟಿದ್ದಳು. ಬರಲೇ ಇಲ್ಲ.

"ನಂಗ ಇನ್ನೂ ಸಿಟ್ಟು ಹೋಗಿಲ್ಲ."

"ಹೋಗೂದು ಬ್ಯಾಡ್ರಿ. ಇರ್ರಿ ಸಿಟ್ಟಿನಾಗ. ಆದ್ರ ಇಲ್ಲೇ ಇರ್ರಿ."

"ಯಾಕ ಅಳಿಸಲಿಲ್ಲ?"

ಕೇದಾರಿ ಬ್ರಷ್ಷನ್ನು ಅಂಗಿಗೆ ಒರೆಸಿದ. ಅಂಗಿ ಹಾಳಾಯಿತು.

"ಬೆರಳ ಇಟ್ಟಿದ್ನಿ. ದಿನಾ ಇಡತಿದ್ನಿ. ನಿಮ್ಮ ಧ್ವನಿ ಇಲ್ದ ಮನಿ ಹೆಂಗ ಇರ್ತೈತಿ ಅಂತ ಅನ್ನಸ್ತಿತ್ತು. ಬೆರಳ ತಗೀತಿದ್ನಿ."

ಸಾಲಿನಲ್ಲಿ ಯಾವುದೋ ಟ್ರ್ಯಾಕ್ಟರು ಮುಂದೆ ಸರಿಯಿತು. ಇಬ್ಬರೂ ಸರಿಯಲಿಲ್ಲ.

"ಇನ್ನ ಮ್ಯಾಲ ನಾ ಧ್ವನಿ ಕಳಸಾಂಗಿಲ್ಲ," ಎಂದಳು ಆಮ್ರಪಾಲಿ.

ಅವನು ತಲೆಯಾಡಿಸಿದ. ಅವನ ಪಾಲಿಗೆ ಅದು ಶಿಕ್ಷೆ, ಒಪ್ಪಿಕೊಂಡ.

"ಕೇಳಬೇಕಂದ್ರ ಬಾಜೂ ಕುಂತ ಕೇಳ್ರಿ. ದಿನಾ."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮಾತು ನಿಲ್ಲಲಿಲ್ಲ.

"ಹಂಗಾರ ಬಾಯಾರ, ನಾ ಬರೂ ಐತವಾರ ನಮ್ಮ ಅವ್ವನ್ನ ಕರಕೊಂಡು ಯಮಕನಮರಡಿಗೆ ಬರ್ತೇನಿ, ಮಾತು ಬಿಟ್ಟ ಕಾಕಾಗೋಳನ್ನೂ ಕರಕೊಂಡ ಬರ್ತೇನಿ, ಬಂದು ನಿಮ್ಮ ಅಪ್ಪಾರ ಮುಂದ ಕೈ ಮುಗದು, ಏನಂತ ಕೇಳ್ತೇನಂದ್ರ, ನಿಮ್ಮ ಮಗಳನ್ನ ನನಗ..."

ಆಮ್ರಪಾಲಿ ಅಷ್ಟರಲ್ಲಿ ಹೊರಟುಬಿಟ್ಟಿದ್ದಳು. ಕಣ್ಣೀರು ಅವನಿಗೆ ಕಾಣಬಾರದು. ಹತ್ತು ಹೆಜ್ಜೆ ಆಚೆ ಚಹಾದ ಗಾಡಿ ಇತ್ತು, ಗಾಡಿಯವನಿಗೆ ಎರಡು ಬೆರಳು ತೋರಿಸಿದಳು.

"ಎಲ್ಲಿ ಹೊಂಟ್ರಿ? ನಾ ಇನ್ನೂ ಮುಗಸಿಲ್ಲ..."

"ನೀವ ಹೇಳ್ರಿ," ಎಂದಳು, ತಿರುಗದೆ. "ನಾ ಕೇಳಾಕತ್ತೇನಿ."

"ನನಗ..." ಎಂದ ಕೇದಾರಿ, ಅವಳ ಹಿಂದೆ ನಡೆಯುತ್ತ, "ನಿಮ್ಮ ಮಗಳನ್ನ ನನಗ..."